ವಿದ್ಯಾರ್ಥಿಗಳ ಕೋಡಿಂಗ್ ಅಭ್ಯಾಸಕ್ಕೆ ಒಂದೇ ಸರ್ವರ್: 16 ಜಿಬಿ ಸಾಕೇ?

ಪ್ರಶ್ನೆ – ಬಿಸಿಎ ಬೋಧಕಿ

ನಮ್ಮ ಕಾಲೇಜಿನ ಮೊದಲ ವರ್ಷದ ಬಿಸಿಎ ತರಗತಿಯಲ್ಲಿ 60 ವಿದ್ಯಾರ್ಥಿಗಳು ಸಿ ಮತ್ತು ಪೈಥಾನ್ ಕಲಿಯುತ್ತಿದ್ದಾರೆ. ಹಲವರ ಬಳಿ ಇರುವುದು ಹಳೆಯ ಲ್ಯಾಪ್‌ಟಾಪ್. ಕೆಲವರ ಬಳಿ ಮೊಬೈಲ್ ಮಾತ್ರ. ಲ್ಯಾಬ್‌ನಲ್ಲಿರುವ 16 ಜಿಬಿ ರ್‍ಯಾಮಿನ ಒಂದು ಕಂಪ್ಯೂಟರಿಗೆ ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಿ, ಎಲ್ಲರಿಗೂ ಪ್ರತ್ಯೇಕ ಖಾತೆ ಕೊಟ್ಟು, ವಿಎಸ್ ಕೋಡ್ ಎಂಬ ಕೋಡ್ ಎಡಿಟರಿನ ರಿಮೋಟ್ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಮನೆಯಿಂದಲೂ ಅಭ್ಯಾಸ ಮಾಡಿಸಬೇಕೆಂದಿದ್ದೇವೆ. ಇದು ಸಾಧ್ಯವೇ?

ಉತ್ತರ 1

ಮೇಡಂ, 60 ಮಂದಿ ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ನ್ಯಾನೊ ಎಡಿಟರ್ ತೆರೆದು ಸಿ ಕಂಪೈಲರ್ ಜಿಸಿಸಿ ಓಡಿಸಿದರೆ ಆ ಯಂತ್ರಕ್ಕೆ ಅದೊಂದು ಭಾರವೇ ಅಲ್ಲ. ಭಾರವಾಗುವುದು ವಿಎಸ್ ಕೋಡ್. ಸಂಪರ್ಕವಾದೊಡನೆ ಪ್ರತಿಯೊಬ್ಬರ ಖಾತೆಯಲ್ಲೂ ಅದರ ಸರ್ವರ್ ಭಾಗ ಶುರುವಾಗುತ್ತದೆ. ಸಿ ಅಥವಾ ಪೈಥಾನ್ ಎಕ್ಸ್‌ಟೆನ್ಷನ್ ಕೂಡ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಲ್ಲದೆ ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ. ಒಬ್ಬರಿಗೆ ಅರ್ಧ ಜಿಬಿ ಎಂದು ಹಿಡಿದರೂ ಎಲ್ಲರೂ ಒಟ್ಟಿಗೆ ಬಂದಾಗ 30 ಜಿಬಿ ಬೇಕಾಗುತ್ತದೆ. ಬ್ಯಾಚ್ ಮಾಡಿ ಒಮ್ಮೆಗೆ 20 ಮಂದಿಯನ್ನು ಬಿಟ್ಟರೆ ನಡೆದೀತು.

ಮೊಬೈಲಿನವರಿಗಂತೂ ಈ ದಾರಿಯೇ ಇಲ್ಲ. ಅವರಿಗಾಗಿ ಬ್ರೌಸರಿನಲ್ಲಿ ತೆರೆದುಕೊಳ್ಳುವ ಲಿಟ್ಲೆಸ್ಟ್ ಜುಪಿಟರ್‌ಹಬ್ ಎಂಬ ಕೋಡಿಂಗ್ ವ್ಯವಸ್ಥೆಯನ್ನು ನೋಡಿ. ಒಂದೇ ಸರ್ವರಿನಲ್ಲಿ ಸುಮಾರು 100 ಮಂದಿಯವರೆಗಿನ ತರಗತಿಗಳಿಗೆಂದೇ ಅದನ್ನು ರೂಪಿಸಿದ್ದಾರೆ. ಅದರೊಳಗೆ ಟರ್ಮಿನಲ್ ಇರುವುದರಿಂದ ಸಿ ಪ್ರೋಗ್ರಾಮ್‌ಗಳನ್ನೂ ಅಲ್ಲೇ ಕಂಪೈಲ್ ಮಾಡಬಹುದು.

ಉತ್ತರ 2

ಯಾವ ಸಾಫ್ಟ್‌ವೇರ್ ಎಂಬುದಕ್ಕಿಂತ ಮೊದಲು ಮಿತಿ ಹಾಕುವುದನ್ನು ಯೋಚಿಸಿ. ಮುಗಿಯದ ಲೂಪಿನೊಳಗೆ ಮ್ಯಾಲಕ್ (ಮೆಮೊರಿ ಕೇಳುವ ಸಿ ಫಂಕ್ಷನ್) ಬರೆಯುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ (ಇರಲೇಬೇಕು, ಕಲಿಯುವುದೇ ಹಾಗೆ). ಮಿತಿ ಇಲ್ಲದಿದ್ದರೆ ಒಬ್ಬರ ತಪ್ಪಿಗೆ ಎಲ್ಲರ ಕೆಲಸವೂ ನಿಲ್ಲುತ್ತದೆ. ಉಬುಂಟುವಿನ ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿಯಲ್ಲಿ, ಪ್ರತಿ ಬಳಕೆದಾರರ ಪಾಲನ್ನು ಹಿಡಿಯುವ ಯೂಸರ್ ಸ್ಲೈಸ್‌ಗೆ ಮೆಮೊರಿಮ್ಯಾಕ್ಸ್ (ಮೆಮೊರಿ ಮಿತಿ) ಮತ್ತು ಟಾಸ್ಕ್ಸ್‌ಮ್ಯಾಕ್ಸ್ (ಒಮ್ಮೆಗೆ ಓಡುವ ಕೆಲಸಗಳ ಮಿತಿ) ಒಮ್ಮೆ ಕೊಟ್ಟರೆ ಎಸ್‌ಎಸ್‌ಎಚ್ ಮೂಲಕ ಬರುವ ಪ್ರತಿಯೊಬ್ಬರಿಗೂ ಅದು ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಜುಪಿಟರ್‌ಹಬ್‌ಗೆ ಮಾತ್ರ ಈ ಮಿತಿ ತಾಗುವುದಿಲ್ಲ. ಅದರ ಮೆಮೊರಿ ಮಿತಿಯನ್ನು ಅದರದೇ ಕಾನ್ಫಿಗ್‌ನಲ್ಲಿ ಕೊಡಬೇಕು. ಡಿಸ್ಕ್ ಕೋಟಾ (ಒಬ್ಬರು ಬಳಸಬಹುದಾದ ಜಾಗದ ಮಿತಿ) ಹಾಕುವುದನ್ನೂ ಮರೆಯಬೇಡಿ. ಹಾಗೆಯೇ, ಯಾರೇ ಕೇಳಿದರೂ ವಿದ್ಯಾರ್ಥಿಗಳನ್ನು ಡಾಕರ್ (ಪ್ರೋಗ್ರಾಮ್‌ಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ಸಾಫ್ಟ್‌ವೇರ್) ಗುಂಪಿಗೆ ಸೇರಿಸಬೇಡಿ: ಅದು ರೂಟ್ ಅಧಿಕಾರ (ಇಡೀ ಯಂತ್ರದ ಮೇಲಿನ ಪೂರ್ಣ ಹಿಡಿತ) ಕೊಟ್ಟಂತೆಯೇ.

ಉತ್ತರ 3

ಮನೆಯಿಂದ ಬಳಸುವ ವಿಷಯವನ್ನು ಇಬ್ಬರೂ ಮುಟ್ಟಿಲ್ಲ. ಕಾಲೇಜಿನ ಇಂಟರ್ನೆಟ್ ಸಂಪರ್ಕಕ್ಕೆ ಸ್ವಂತ ಸಾರ್ವಜನಿಕ ಐಪಿ (ಇಂಟರ್ನೆಟ್ ವಿಳಾಸ) ಇಲ್ಲದಿದ್ದರೆ ಹೊರಗಿನಿಂದ ಆ ಕಂಪ್ಯೂಟರನ್ನು ನೇರವಾಗಿ ತಲುಪಲಾಗದು. ಆಗ ಬಾಡಿಗೆಯ ಒಂದು ಸಣ್ಣ ವಿಪಿಎಸ್ (ಇಂಟರ್ನೆಟ್‌ನಲ್ಲಿರುವ ವರ್ಚುವಲ್ ಸರ್ವರ್) ಪಡೆದು, ವೈರ್‌ಗಾರ್ಡ್ ಎಂಬ ವಿಪಿಎನ್ ಮೂಲಕ ಎರಡನ್ನೂ ಜೋಡಿಸಬಹುದು. ಐಪಿ ಇದ್ದರೂ ಪಾಸ್‌ವರ್ಡ್ ಲಾಗಿನ್ ಇಟ್ಟುಕೊಂಡು ಎಸ್‌ಎಸ್‌ಎಚ್‌ನ 22ನೇ ಪೋರ್ಟ್ ತೆರೆಯಬೇಡಿ. ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಸದಾ ಸುತ್ತುತ್ತಿರುತ್ತವೆ, 60 ಮಂದಿಯಲ್ಲಿ ಕೆಲವರ ಪಾಸ್‌ವರ್ಡ್ ಅವರ ರಿಜಿಸ್ಟರ್ ನಂಬರೇ ಆಗಿರುತ್ತದೆ. ಎಸ್‌ಎಸ್‌ಎಚ್‌ಗೆ ಕೀ (ಪಾಸ್‌ವರ್ಡ್ ಬದಲಿಗೆ ಬಳಸುವ ಗುಪ್ತ ಫೈಲ್) ಕಡ್ಡಾಯ ಮಾಡಿ. ಬ್ರೌಸರಿನವರಿಗೆ ಎಚ್‌ಟಿಟಿಪಿಎಸ್ ಇರಲಿ.

ಬಿಸಿಎ ಬೋಧಕಿ

ಮೂವರಿಗೂ ಧನ್ಯವಾದಗಳು. ಜುಪಿಟರ್‌ಹಬ್‌ನಿಂದಲೇ ಆರಂಭಿಸುತ್ತೇವೆ, ವಿಎಸ್ ಕೋಡ್ ಮುಂದಿನ ಸೆಮಿಸ್ಟರಿಗಿರಲಿ. ಸಂಜೆ ಲ್ಯಾಬ್‌ನ ಮೇನ್ ಸ್ವಿಚ್ ಆರಿಸಿ ಬೀಗ ಹಾಕುವ ಪದ್ಧತಿ ನಮ್ಮಲ್ಲಿದೆ. ಹೀಗಾದರೆ ಮನೆಯಿಂದ ಬಳಸುವುದು ಹೇಗೆ?

ಉತ್ತರ 2

ಯುಪಿಎಸ್ ಇರುವ ಕಚೇರಿ ಕೋಣೆಗೆ ಕಂಪ್ಯೂಟರನ್ನು ಸ್ಥಳಾಂತರಿಸಿ, ಮೇಡಂ. ಹೋದ ಕರೆಂಟು ಬಂದಾಗ ತಾನಾಗಿಯೇ ಆನ್ ಆಗುವ ಆಯ್ಕೆ ಬಹುತೇಕ ಕಂಪ್ಯೂಟರುಗಳ ಬಯೋಸ್‌ನಲ್ಲಿ (ಕಂಪ್ಯೂಟರಿನ ಆರಂಭಿಕ ಸೆಟ್ಟಿಂಗ್‌ಗಳಲ್ಲಿ) ಇರುತ್ತದೆ, ಅದನ್ನೂ ಹಾಕಿಡಿ.