ಪದ ಬೇಕು: ಮಾರಿಷಸ್ಸಿನ ‘ರವಾನ್’ಗೆ ಕನ್ನಡದಲ್ಲಿ ಏನೆನ್ನೋಣ?

ಮೈಸೂರಿನಿಂದ:
ಗೆಳೆಯರೇ, ಅರ್ಜೆಂಟು. ಒಂದು ವಾದ್ಯ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ, ನಾಳೆ ಮಧ್ಯಾಹ್ನ ಪ್ರಿಂಟಿಗೆ ಹೋಗುತ್ತದೆ. ಮಾರಿಷಸ್ಸಿನ ಸೇಗಾ ಹಾಡುಕುಣಿತದ ಮೂರು ವಾದ್ಯ ಬಂದಿವೆ: ರವಾನ್, ಮರವಾನ್, ತ್ರಿಯಾಂಗಲ್.

ರವಾನ್ ಅಂದರೆ ಅಗಲವಾದ ಮರದ ಬಳೆ, ಒಂದೇ ಕಡೆ ಆಡಿನ ಚರ್ಮ. ಕೋಲಿಲ್ಲ, ಬರಿಗೈಯಲ್ಲಿ ಬಡಿಯುತ್ತಾರೆ. ಶುರು ಮಾಡುವ ಮುಂಚೆ ಬೆಂಕಿಯ ಹತ್ತಿರ ಹಿಡಿದು ಚರ್ಮ ಬಿಗಿಯಾಗುವ ತನಕ ಕಾಯಿಸುತ್ತಾರೆ. ಮರವಾನ್ ಅಂದರೆ ಕಬ್ಬಿನ ಸೂಲಂಗಿ ಕಡ್ಡಿ ಜೋಡಿಸಿದ ಚಪ್ಪಟೆ ಪೆಟ್ಟಿಗೆ. ಒಳಗೆ ಬೀಜ, ಅಲ್ಲಾಡಿಸಿದರೆ ಸದ್ದು.

ರವಾನ್‌ಗೆ ‘ತಮಟೆ’ ಅಂತ ಹಾಕಿದ್ದೇನೆ. ನಮ್ಮೂರ ಹಬ್ಬದಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದದ್ದು ಕಣ್ಣಮುಂದೆ ಬಂತು. ಸರಿಯಾ?

ಮಂಡ್ಯದಿಂದ:
ಸರಿಯಲ್ಲ. ತಮಟೆಗೆ ಕೋಲು ಬೇಕು, ಒಂದು ದಪ್ಪ, ಒಂದು ಸಣ್ಣ. ಕೈಯಲ್ಲಿ ಬಡಿದರೆ ದಮ್ಮಡಿ. ‘ದಮ್ಮಡಿ’ ಅಂತ ಬರೆಯಿರಿ, ಮುಗೀತು.

ಬೆಂಗಳೂರಿನಿಂದ:
ಕಂಜಿರ ಯಾಕಾಗಬಾರದು? ಅದೂ ಒಂದೇ ಮುಖದ್ದು, ಕೈಯಲ್ಲೇ ಬಡಿಯುವುದು.

ಮಂಡ್ಯದಿಂದ:
ಕಂಜಿರ ಅಂಗೈಯಗಲ, ಉಡದ ಚರ್ಮ. ನೋಡಿ ಬರೆಯಿರಿ.

ಸಾಗರದಿಂದ:
ಎಲ್ಲರೂ ಮುಖ್ಯವಾದದ್ದನ್ನೇ ಬಿಟ್ಟಿರಿ. ರವಾನ್ ಅಂದರೆ ರಾವಣ! ರಾವಣಹತ್ಥ ಕೇಳಿಲ್ಲವೇ? ನಮ್ಮ ಜನ ಕಬ್ಬಿನ ತೋಟದ ಕೂಲಿಗೆ ಹೋದಾಗ ಹೆಸರನ್ನೂ ಹೊತ್ತುಕೊಂಡು ಹೋದರು. ನಮ್ಮದೇ ಪದ, ಅನುವಾದ ಯಾಕೆ?

ಧಾರವಾಡದಿಂದ:
ಸದ್ದು ಹೋಲಿದರೆ ನೆಂಟಸ್ತಿಕೆ ಆಗೋದಿಲ್ಲ. ರಾವಣಹತ್ಥ ತಂತಿ ವಾದ್ಯ, ಕಮಾನಿನಲ್ಲಿ ನುಡಿಸುವುದು. ಸೇಗಾ ಕಟ್ಟಿದವರು ಆಫ್ರಿಕಾ, ಮಡಗಾಸ್ಕರ್‌ಗಳಿಂದ ಗುಲಾಮರಾಗಿ ಹಿಡಿದು ತಂದ ಜನ. ಭಾರತದ ಕೂಲಿಯವರು ಹಡಗುಗಟ್ಟಲೆ ಹೋಗತೊಡಗಿದ್ದು 1834ರಿಂದ, ಗುಲಾಮಗಿರಿ ಮುಗಿದದ್ದು 1835ರಲ್ಲಿ. ಮರವಾನ್‌ನಲ್ಲಿ ‘ಮರ’ ಇದೆ ಅಂತ ಅದನ್ನೂ ಕನ್ನಡಕ್ಕೆ ಸೇರಿಸಿಕೊಳ್ಳುತ್ತೀರಾ?

ಶಿರಸಿಯಿಂದ:
ಆಫ್ರಿಕಾ ಅಂದದ್ದಕ್ಕೆ ಹೇಳುತ್ತೇನೆ. ನಮ್ಮ ಯಲ್ಲಾಪುರ, ಹಳಿಯಾಳದಲ್ಲಿರುವ ಆಫ್ರಿಕಾ ಮೂಲದ ಸಿದ್ದಿಗಳ ಡಮಾಮ್ ನೆನಪಾಯಿತು. ಆಕಾರ ಬೇರೆ, ಅದು ಉದ್ದನೆಯ ಡೋಲು. ಹಾಗಾಗಿ ಈ ಫಲಕಕ್ಕೆ ಆಗೋದಿಲ್ಲ. ಸುಮ್ನೆ ಹೇಳಿದೆ.

ಪುತ್ತೂರಿನಿಂದ:
ನನ್ನ ತತ್ವ ಒಂದೇ. ಕನ್ನಡದಲ್ಲಿ ಬೇರಿರುವ ಪದ ಕಟ್ಟಬೇಕು. ರವಾನ್‌ಗೆ ‘ಕಾಯ್‌ಪರೆ’ (ಕಾಯಿಸಿ ಬಡಿಯುವ ಪರೆ; ಪರೆ ಅಂದರೆ ಹಳಗನ್ನಡದಲ್ಲಿ ಚರ್ಮದ ವಾದ್ಯ), ಮರವಾನ್‌ಗೆ ‘ಸೂಲಂಗಿ ಗಿಲಕಿ’, ತ್ರಿಯಾಂಗಲ್‌ಗೆ ‘ಮುಮ್ಮೂಲೆ’. ಎರವಲು ತರುತ್ತಾ ಹೋದರೆ ಮನೆಯಲ್ಲಿ ನಮ್ಮ ಪಾತ್ರೆ ಒಂದೂ ಉಳಿಯೋದಿಲ್ಲ.

ಧಾರವಾಡದಿಂದ:
‘ಪಾತ್ರೆ’ಯೂ ಎರವಲೇ. ‘ಕಾಯ್‌ಪರೆ’ ಅಂದರೆ ತೆಂಗಿನಕಾಯಿ ಹೊರೆ ಅಂತ ತಿಳಿದಾರು ಜನ.

ಬೆಂಗಳೂರಿನಿಂದ:
ಎರವಲು ಅಂದರೆ ಅಷ್ಟು ಹೆದರಬೇಕಾ? ಆ ದ್ವೀಪದವರನ್ನು ನೋಡಿ. ಸೇಗಾಗೆ ಜಮೈಕಾದ ರೆಗ್ಗೆ ಸಂಗೀತ ಬೆರೆಸಿ ಅಲ್ಲಿನ ಗಾಯಕ ಕಾಯಾ ಹಾಡಿದ. ಎರಡು ಹೆಸರನ್ನೂ ಬೆಸೆದು ‘ಸೆಗ್ಗೆ’ ಅಂದರು. 1999ರಲ್ಲಿ ಪೊಲೀಸ್ ವಶದಲ್ಲಿದ್ದಾಗ ಆತ ಸತ್ತ, ಊರೂರಲ್ಲಿ ಗಲಭೆ ಎದ್ದಿತು. ಆ ಬೆರಕೆ ಪದ ಮಾತ್ರ ಇವತ್ತಿಗೂ ಅವರದೇ. ಅದನ್ನು ಯಾರು ಅಚ್ಚಗನ್ನಡ ಮಾಡುತ್ತೀರಿ?

ಪುತ್ತೂರಿನಿಂದ:
ಅವರದು ಕ್ರಿಯೋಲ್ ಭಾಷೆ, ಹುಟ್ಟಿದ್ದೇ ಬೆರಕೆಯಿಂದ. ನಮಗೆ ಆ ದರ್ದು ಇಲ್ಲ.

ಶಿರಸಿಯಿಂದ:
ಮಾರಿಷಸ್ಸಿನಲ್ಲೇ ಭೋಜಪುರಿ ಮಾತಾಡುವ ಭಾರತೀಯ ಮೂಲದ ಹೆಂಗಸರು ಮದುವೆಗೆ ಮುಂಚೆ ಮನೆಯಲ್ಲಿ ಢೋಲಕ್, ಚೊಂಬು, ತಟ್ಟೆ, ಚಮಚ ಬಡಿದು ಹಾಡುತ್ತಾರೆ. ಗೀತ್ ಗವಾಯಿ ಅಂತ ಹೆಸರು. ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇಗಾ 2014ರಲ್ಲಿ ಸೇರಿತು, ಇದು 2016ರಲ್ಲಿ. ನಾನಾದರೆ ಕಣ್ಣುಮುಚ್ಚಿ ‘ಸೋಬಾನೆ’ ಅಂತ ಅನುವಾದಿಸುತ್ತೇನೆ.

ಪುತ್ತೂರಿನಿಂದ:
ಇದು ಸರಿ. ಅಚ್ಚಗನ್ನಡ.

ಧಾರವಾಡದಿಂದ:
‘ಸೋಬಾನೆ’ ‘ಶೋಭನ’ದಿಂದ ಬಂದದ್ದು ಸ್ವಾಮಿ. ಸಂಸ್ಕೃತ.

ಮೈಸೂರಿನಿಂದ:
ಸಾಕು ಮಾರಾಯ್ರೇ, ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದರು. ‘ತಮಟೆ’ ತೆಗೆದೆ. ಆ ಪದ ನೋಡಿದರೆ ಕೈಯಲ್ಲಿ ಕೋಲು ಕಾಣುತ್ತದೆ ಅನ್ನುವುದು ನಿಜ. ‘ದಮ್ಮಡಿ’ ಹತ್ತಿರದ್ದೇ, ಆದರೆ ನನ್ನ ಕಚೇರಿಯಲ್ಲಿ ಐದು ಜನರನ್ನು ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ಹಾಗಾಗಿ ಹೆಸರು ರವಾನ್ ಅಂತಲೇ ಇಟ್ಟು, ಕೆಳಗೆ ‘ಬೆಂಕಿಗೆ ಕಾಯಿಸಿ ಕೈಯಲ್ಲಿ ಬಡಿಯುವ ಚರ್ಮವಾದ್ಯ’ ಅಂತ ಹಾಕಿದ್ದೇನೆ. ಮರವಾನ್ ಕೆಳಗೆ ‘ಸೂಲಂಗಿ ಗಿಲಕಿ’. ಪುತ್ತೂರಿನವರಿಗೆ ಥ್ಯಾಂಕ್ಸ್, ಅದು ಚೆನ್ನಾಗಿದೆ. ತ್ರಿಯಾಂಗಲ್ ತ್ರಿಯಾಂಗಲ್ಲೇ.

ಪುತ್ತೂರಿನಿಂದ:
‘ಚರ್ಮ’ ಸಂಸ್ಕೃತ, ‘ವಾದ್ಯ’ ಸಂಸ್ಕೃತ. ‘ತೊಗಲು’ ಇರಲಿಲ್ಲವೇ?

ಮೈಸೂರಿನಿಂದ:
ಪ್ರಿಂಟಿಗೆ ಹೋಯಿತು ಸಾರ್.