ಮೂರು ಸಲ ಸೆಮೆನ್ ಹಾಕಿಸಿದ್ರೂ ಆಕಳ ಗಬ್ಬ ನಿಲ್ಲವಲ್ದು, ತಪ್ಪು ಎಲ್ಲೈತಿ?

ಎರಿಹೊಲ, ಅಣ್ಣಿಗೇರಿ:
ಎಲ್ಲಾರಿಗೂ ನಮಸ್ಕಾರ. ನಮ್ಮದೊಂದು ಎಚ್‌ಎಫ್ ಕ್ರಾಸ್ ಆಕಳ ಐತಿ. ಯುಗಾದಿ ಮುಂದ ಎರಡನೇ ಸಲ ಈಯ್ತು. ಆಗ ಮಾಸು ಬೀಳಲಿಲ್ಲ, ಮರುದಿನ ಕೈಹಾಕಿ ಎಳಿಸಿದ್ವಿ. ಆಮ್ಯಾಲೆ ಹತ್ತು ದಿನ ಕೆಟ್ಟ ವಾಸನಿ, ಔಷಧ ಹಾಕಿಸಿದ ಮ್ಯಾಲೆ ನಿಂತತು. ಅಲ್ಲಿಂದ ಮೂರು ಸಲ ಸೆಮೆನ್ ಹಾಕಿಸೀವಿ. 21-22 ದಿನಕ್ಕ ತಪ್ಪದಂಗ ಮತ್ತ ಬೆದಿಗೆ ಬರತೈತಿ. ಲೋಳಿ ಗಾಜಿನಂಗ ತಿಳಿ ಐತಿ. ಮೇವಿಗೆ ಕೊರತಿ ಇಲ್ಲ, ಖನಿಜ ಮಿಶ್ರಣನೂ ಹಾಕ್ತೀವಿ. ಕೊನೀ ಸಲ ಬ್ಯಾರೆ ಹೋರಿ ಸೆಮೆನ್ ತರಿಸಿದೆ, ಅದೂ ನಿಲ್ಲಲಿಲ್ಲ. ಅವ್ವ ಮಾರಿಬಿಡು ಅಂತಾಳ. ನನಗ ಮನಸ್ಸಾಗವಲ್ದು.

ಹೈನದ ಮನಿ, ಬೆಟಗೇರಿ:
ಅಣ್ಣಾ, ಬೆದಿ ಮುಂದ ಒಂದು ವಾರ ಮೊಳಕಿ ಬಂದ ಕಾಳು, ಬೆಲ್ಲ ತಿನಿಸಿ ನೋಡು. ನಮ್ಮ ಎಮ್ಮಿಗೆ ನಡೀತು.

ಪಶುವೈದ್ಯೆ, ಗದಗ:
ಮೊಳಕಿ ಕಾಳಿನಿಂದ ಕೆಡುಕಿಲ್ರಿ, ಆದ್ರ ಇದು ಮೇವಿನ ತೊಂದರೆ ಅನಸೂದಿಲ್ಲ. ಅಣ್ಣಾರ, ಮೂರೂ ಸಲ ಬೆದಿ ಕಂಡದ್ದು ಎಷ್ಟೊತ್ತಿಗೆ, ಸೆಮೆನ್ ಹಾಕಿಸಿದ್ದು ಎಷ್ಟೊತ್ತಿಗೆ?

ಎರಿಹೊಲ, ಅಣ್ಣಿಗೇರಿ:
ನಸುಕಿನ್ಯಾಗ ಒದರಾಕ ಹತ್ತಿದ ಕೂಡ್ಲೇ ಫೋನ್ ಮಾಡ್ತೀನ್ರಿ. ಹಾಲು ಹಿಂಡೂದ್ರೊಳಗ ಬಂದು ಹಾಕಿ ಹೋಗ್ತಾರ. ತಡಾ ಆದ್ರ ಬೆದಿ ಇಳದೀತು ಅಂತ ಅಂಜಿಕಿ.

ಪಶುವೈದ್ಯೆ, ಗದಗ:
ಹಂಗಾದ್ರ ಎರಡು ಕಡೆ ಹುಡುಕಬೇಕು. ಒಂದು ನಿಮ್ಮ ಗಡಿಯಾರ, ಇನ್ನೊಂದು ಆ ಮಾಸು. ಎರಡೂ ಹೋಗಿ ಮುಟ್ಟೂದು ಅಂಡನಾಳಕ್ಕ.

ಗರ್ಭಕೋಶದ ಕೊಂಬಿನ ತುದಿಯಿಂದ ಅಂಡಾಶಯದ ಕಡೆ ಹೋಗೂ ನಾಳ ಅದು. ಒಂದು ಗೇಣು ಉದ್ದ, ಕೆಳಗ ಕಸಬರಿಗಿ ಕಡ್ಡಿಯಷ್ಟು ಸಣ್ಣ. ಭಾಳ ಮಂದಿ ಅದನ್ನ ಬರೀ ಪೈಪು ಅಂತ ತಿಳಿದಾರ. ಅದರ ಒಳಗೋಡೆಯ ಜೀವಕೋಶಗಳು ಮಾಡೂ ಕೆಲಸ ನೋಡ್ರಿ: ಒಂದು ಕಡ್ಡಿ ಸೆಮೆನ್‌ನ್ಯಾಗ ಸುಮಾರು 2 ಕೋಟಿ ವೀರ್ಯಾಣು ಇರ್ತಾವ, ಅಂಡನಾಳ ಮುಟ್ಟೂವು ಕೆಲವು ಸಾವಿರ ಅಷ್ಟ. ಅವು ನಾಳದ ಕೆಳಭಾಗದ ಗೋಡೆಗೆ ತಲಿ ಹಚ್ಚಿ ನಿಲ್ತಾವ. ಗೋಡೆಯ ಜೀವಕೋಶಗಳೇ ಅವನ್ನ ಹಿಡಿದು ಬದುಕಿಸಿ ಇಡೂದು. ಅಂಡ ಬಿಡೂ ಹೊತ್ತಿಗೆ ಅವು ಬಾಲ ಜೋರಾಗಿ ಬಡೀತಾ ಗೋಡೆ ಬಿಟ್ಟು ಸ್ವಲ್ಪಸ್ವಲ್ಪ ಮ್ಯಾಲೆ ಹೊಂಟಾವ. ಎಲ್ಲಾ ಒಮ್ಮೆಲೆ ನುಗ್ಗಿದ್ರ ಒಂದ ಅಂಡಕ್ಕ ನಾಕೈದು ಹೊಕ್ಕು ಅದು ಕೆಡ್ತದ.

ಆಕಳ ಅಂಡ ಬಿಡೂದು ಬೆದಿ ಶುರುವಾಗಿ 24ರಿಂದ 30 ತಾಸಿಗೆ. ಹೆಪ್ಪುಗಟ್ಟಿಸಿ ಇಟ್ಟು ಕರಗಿಸಿದ ಸೆಮೆನ್ ಒಂದು ದಿನ ತಾಳೂದೇ ಕಷ್ಟ. ನೀವು ನಸುಕಿನ್ಯಾಗ ಹಾಕಿಸಿದ್ದು ಅಂಡ ಬರೂದ್ರೊಳಗ ಗೋಡೆ ಮ್ಯಾಲೇ ಹೆಚ್ಚಿನದು ಸತ್ತಿರ್ತದ. ಮುಂಜಾನೆ ಬೆದಿ ಕಂಡ್ರ ಸಂಜಿಗೆ, ಸಂಜಿಗೆ ಕಂಡ್ರ ಮರುದಿನ ಮುಂಜಾನೆ ಹಾಕಿಸ್ರಿ.

ಇನ್ನ ಮಾಸು. ನನಗ ಹೆಚ್ಚು ಸಂಶಯ ಇದರ ಮ್ಯಾಲೆ. ಮಾಸು ಉಳಿದಾಗ ಆಗೂ ಗರ್ಭಕೋಶದ ಸೋಂಕು ಕೆಲವೊಮ್ಮೆ ಅಂಡನಾಳಕ್ಕೂ ಏರ್ತದ. ಮಾಯ್ದ ಮ್ಯಾಲೆ ನಾಳ ಅಂಟಿ ಮುಚ್ಚಬಹುದು, ಇಲ್ಲಾ ಅಂಡವನ್ನ ದೂಡೂ ಸಣ್ಣ ಸಣ್ಣ ರೋಮಗಳು ಉದುರಬಹುದು. ಹೊರಗ ಮಾತ್ರ ಬೆದಿನೂ ಸರಿ, ಲೋಳಿನೂ ತಿಳಿ. ಫಲಿಸಿದ ಭ್ರೂಣನೂ ಮೊದಲಿನ ನಾಲ್ಕು ದಿನ ಇದ ನಾಳದಾಗ, ಇದರ ರಸ ಉಂಡು ಬೆಳೀತದ. 8-16 ಕೋಶ ಆದ ಮ್ಯಾಲೆ ಗರ್ಭಕೋಶಕ್ಕ ಇಳೀತದ. ಪ್ರಯೋಗಾಲಯದಾಗ ಮಾಡಿದ ಆಕಳ ಭ್ರೂಣಗಳು ಮೊದಲು ಆ 8-16ರ ಹಂತದಾಗ ನಿಂತು ಬಿಡ್ತಿದ್ವು. 1980ರ ದಶಕದಾಗ ಅಂಡನಾಳದ ಜೀವಕೋಶಗಳನ್ನ ಅದ ತಟ್ಟಿಯೊಳಗ ಜೋಡಿ ಇಟ್ಟಾಗ ಮುಂದ ಬೆಳೆದ್ವು. ಕಾಲೇಜಿನಾಗ ಇದನ್ನ ಓದಿದ ದಿನದಿಂದ ಆ ನಾಳದ ಮ್ಯಾಲೆ ನನಗ ದೊಡ್ಡ ಗೌರವ.

ಅಂಡ ಫಲಿಸದಿದ್ರೂ, ಫಲಿಸಿ ವಾರದೊಳಗ ಸತ್ರೂ ಬೆದಿ 21ಕ್ಕೇ ಬರ್ತದ. ಅದಕ್ಕ ದಿನ ಎಣಿಸಿ ಏನೂ ತಿಳಿಯೂದಿಲ್ಲ. ಬಣ್ಣದ ಪರೀಕ್ಷೆ ಮಾಡಿಸ್ರಿ. ಗರ್ಭಕೋಶದ ಒಂದು ಕೊಂಬಿಗೆ ಬಣ್ಣದ ದ್ರಾವಣ ಬಿಡ್ತಾರ. ನಾಳ ತೆರದಿದ್ರ ಅದು ಹೊಟ್ಟಿಯೊಳಗ ಹೋಗಿ ರಕ್ತಕ್ಕ ಸೇರಿ ಉಚ್ಚಿಯಾಗ ಬರ್ತದ. ಇನ್ನೊಂದು ಕೊಂಬಿಗೆ ಮತ್ತೊಂದು ದಿನ. ಗದಗದ ಪಶುವೈದ್ಯಕೀಯ ಕಾಲೇಜಿನಾಗ ಕೇಳಿ ನೋಡ್ರಿ.

ಎರಿಹೊಲ, ಅಣ್ಣಿಗೇರಿ:
ಮೇಡಂ ಅವ್ರ, ಮಾಡಿಸಿ ಬಂದ್ವಿ. ಎಡಕ್ಕ ಬಿಟ್ಟ ದಿನ ಉಚ್ಚಿಗೆ ಏನೋ ನಾಲ್ಕು ಹನಿ ಹಾಕಿದ್ರು, ನೋಡನೋಡ್ತಿದ್ದಂಗ ರಂಗಪಂಚಮಿ ನೀರಿನಂಗ ಗುಲಾಬಿ ಆತು. ಬಲಕ್ಕ ಬಿಟ್ಟ ದಿನ ಬಣ್ಣನ ಬರಲಿಲ್ಲ. ಬಲದ ನಾಳ ಮುಚ್ಚೈತಿ ಅಂದ್ರು.

ಪಶುವೈದ್ಯೆ, ಗದಗ:
ಎಡದ್ದು ತೆರೆದದ, ಅಷ್ಟ ಸಾಕು. ಪ್ರತಿ ಬೆದಿಗೆ ಯಾವ ಅಂಡಾಶಯದಾಗ ಅಂಡದ ಗುಳ್ಳಿ ಅದ ಅಂತ ಕೈಹಾಕಿ ನೋಡಿಸ್ರಿ. ಬಲಕ್ಕಿದ್ರ ಆ ಬೆದಿ ಬಿಡ್ರಿ.

ಎರಿಹೊಲ, ಅಣ್ಣಿಗೇರಿ:
ಮುಂದಿನ ಬೆದಿ ಬಲಕ್ಕಿತ್ತು, ಬಿಟ್ವಿ. ಅದರ ಮುಂದಿಂದು ಎಡಕ್ಕ ಬಂತು. ನಸುಕಿನ್ಯಾಗ ಒದರಿತ್ತು, ಕೈಕಟ್ಟಿ ಕುಂತು ಸಂಜಿ ಆರಕ್ಕ ಹಾಕಿಸಿದೆ. ನಿನ್ನೆ ಎರಡು ತಿಂಗಳ ತುಂಬಿತು, ಕೈಹಾಕಿ ನೋಡಿ ಗಬ್ಬ ಐತಿ ಅಂದ್ರು! ಅವ್ವ ಮಾರೂ ಮಾತು ಬಿಟ್ಟಾಳ.

ಪಶುವೈದ್ಯೆ, ಗದಗ:
ಭಾಳ ಸಂತೋಷ ಆತ್ರಿ. ಈ ಸಲ ಈದಾಗ ಮಾಸು ಬೀಳದಿದ್ರ ಯಾರ ಕೈಲಿಂದನೂ ಎಳಸಬ್ಯಾಡ್ರಿ. ಪಶು ಸಹಾಯವಾಣಿ 1962ಕ್ಕ ಫೋನ್ ಮಾಡ್ರಿ.