ಬ್ರಾಯ್ಲರ್‌ಗೆ ಕ್ಲಾಸ್ಟ್ರಿಡಿಯಂ: ಫೀಡಿನಿಂದ ಅಕ್ಕಿ ನುಚ್ಚು ತೆಗೀಬೇಕಾ?

ಸಿಂಧನೂರು ಫಾರಂ:
2000 ಬ್ರಾಯ್ಲರ್, ವಯಸ್ಸು 22 ದಿನ. ಹಿಕ್ಕೆ ನೊರೆನೊರೆ, ಜೀರ್ಣವಾಗದ ಕಾಳು ಹಾಗೇ ಬೀಳ್ತಿದೆ, ಲಿಟರ್ (ಶೆಡ್ ನೆಲದ ಹಾಸು) ಒದ್ದೆ. ಸತ್ತ ಕೋಳಿ ಕೊಯ್ದು ನೋಡಿದಾಗ ಸಣ್ಣ ಕರುಳು ಗಾಳಿ ತುಂಬಿ ಉಬ್ಬಿತ್ತು, ಒಳಪದರ ಟವೆಲ್ ಥರ ದೊರಗಾಗಿತ್ತು. ಡಾಕ್ಟ್ರು ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಕರುಳಿನ ರೋಗ ಅಂದರು, ಔಷಧಿ ನಡೀತಿದೆ. ಫೀಡ್ ಶೆಡ್ಡಿನಲ್ಲೇ ಮಿಕ್ಸ್. 100 ಕೆಜಿಗೆ ಮೆಕ್ಕೆಜೋಳ 38, ನುಚ್ಚು 20, ಸೋಯಾ ಹಿಂಡಿ 22, ಒಣಮೀನಿನ ಪುಡಿ 9, ತೌಡು 7, ಎಣ್ಣೆ 2, ಉಳಿದದ್ದು ಮಿನರಲ್, ಉಪ್ಪು. ಕಾರಟಗಿ ಮಿಲ್ಲಿನ ನುಚ್ಚು ಬಿಡ್ರಿ ಅಂತ ಎಲ್ಲರೂ ಹೇಳ್ತಾರೆ. ನಿಜಾನಾ?

ಫೀಡ್‌ಮಿಲ್ ರಾಯಚೂರು:
ನುಚ್ಚು ಬಿಡಬೇಡ್ರಿ, ತಪ್ಪು ಅದರದ್ದಲ್ಲ. ಗೋಧಿ, ಬಾರ್ಲಿ, ಗೋರಿಕಾಯಿ ಬೀಜದ ಹಿಂಡಿ ಕರುಳಿನಲ್ಲಿ ಅಂಟು ಬಿಡ್ತವೆ. ನುಚ್ಚಿನಲ್ಲಿ ಆ ಅಂಟು ಬಹಳ ಕಡಿಮೆ. ನಿಮ್ಮ ಪಟ್ಟಿಯಲ್ಲಿ ಮೊದಲು ಕೈ ಹಾಕಬೇಕಾದ್ದು 9 ಕೆಜಿ ಮೀನಿನ ಪುಡಿಗೆ. ಈ ಕ್ಲಾಸ್ಟ್ರಿಡಿಯಂಗೆ ಬೇಕಾದ ಅಮೈನೋ ಆಮ್ಲಗಳಲ್ಲಿ (ಪ್ರೋಟೀನಿನ ತುಣುಕುಗಳು) ಹೆಚ್ಚಿನವನ್ನು ತಾನೇ ತಯಾರಿಸಿಕೊಳ್ಳೋಕೆ ಬರಲ್ಲ. ಮೇಲಿನ ಕರುಳಿನಲ್ಲಿ ಜೀರ್ಣವಾಗದೆ ಕೆಳಗಿಳಿದ ಪ್ರೋಟೀನೇ ಅದರ ಊಟ.

ಮೀನಿನ ಪುಡಿ 3ಕ್ಕೆ ಇಳಿಸಿ, ಸೋಯಾ 26, ಮೆಕ್ಕೆಜೋಳ 41, ತೌಡು 5 ಮಾಡ್ರಿ. ನುಚ್ಚು, ಎಣ್ಣೆ ಹಾಗೇ ಇರಲಿ. ಲೈಸಿನ್, ಮೆಥಿಯೋನಿನ್, ಥ್ರಿಯೋನಿನ್ ಅನ್ನೋ ಅಮೈನೋ ಆಮ್ಲ ಸರಿಹೊಂದಿಸಿದರೆ ಈ ವಯಸ್ಸಿಗೆ ಪ್ರೋಟೀನ್ ಶೇ. 19-20 ಸಾಕು. ಮೀನು ಇಳಿದಾಗ ಸುಣ್ಣ, ರಂಜಕವೂ ಇಳೀತದೆ, ಅದಕ್ಕೆ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಏರಿಸಲೇಬೇಕು. ಇದನ್ನು ಮರೆತರೆ ಕಾಲು ಸೊಟ್ಟಗಾಗ್ತವೆ. ಕೆಜಿ ಫೀಡಿಗೆ 500 ಯುನಿಟ್ ಫೈಟೇಸ್ ಎಂಜೈಮ್ ಹಾಕ್ರಿ, ತೌಡಿನ ಫೈಟೇಟ್ ಪ್ರೋಟೀನ್ ಹಿಡಿದಿಡೋದು ತಪ್ತದೆ. ಉಪ್ಪು ಹಾಕಿ ಒಣಗಿಸಿದ ಮೀನಾದರೆ ಆ ಉಪ್ಪನ್ನೂ ಲೆಕ್ಕಕ್ಕೆ ತಗೊಳ್ರಿ. ಉಪ್ಪು ಜಾಸ್ತಿಯಾದರೆ ನೀರು ಜಾಸ್ತಿ ಕುಡೀತವೆ, ಲಿಟರ್ ಒದ್ದೆಯಾಗ್ತದೆ.

ಗಂಗಾವತಿ ಪಶುವೈದ್ಯ:
ಮೇಲಿನ ಲೆಕ್ಕ ಸರಿ, ಆದರೆ ಫೀಡ್ ಒಂದನ್ನೇ ಬದಲಿಸಿದರೆ ಮುಗಿಯಲ್ಲ. ಬಹಳ ಸಲ ಕಾಕ್ಸಿಡಿಯಾ ಅನ್ನೋ ಕರುಳಿನ ಪರೋಪಜೀವಿ ಮೊದಲು ಕರುಳಿನ ಗೋಡೆ ಕೆಡಿಸಿ ದಾರಿ ಮಾಡಿಕೊಡ್ತದೆ. ಕರುಳು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿಸಿ. ಫೀಡಿನಲ್ಲಿ ಕಾಕ್ಸಿಡಿಯಾ ತಡೆಯುವ ಸಾಲಿನೋಮೈಸಿನ್ ಟನ್ನಿಗೆ 60 ಗ್ರಾಂ (ಶುದ್ಧ ಅಂಶದ ಲೆಕ್ಕ) ಇದ್ದರೆ ಕ್ಲಾಸ್ಟ್ರಿಡಿಯಂನ್ನೂ ತಕ್ಕಮಟ್ಟಿಗೆ ಹಿಡಿದಿಡ್ತದೆ. ಆದರೆ ಅದರ ಜೊತೆ ಟಿಯಾಮುಲಿನ್ ಆಂಟಿಬಯಾಟಿಕ್ ಕೊಡಲೇಬೇಡಿ, ವಿಷವಾಗಿ ಕೋಳಿ ಸಾಯ್ತವೆ.

ಕೊಲಿಸ್ಟಿನ್ ಆಂಟಿಬಯಾಟಿಕ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಈ ಬ್ಯಾಕ್ಟೀರಿಯಾಕ್ಕೆ ತಾಗೋದೇ ಇಲ್ಲ, ಮೇಲಾಗಿ 2019ರಿಂದ ಕೋಳಿಗೆ ನಿಷೇಧ. ಈಗಿನ ಔಷಧಿ ಮುಗಿದ ಮೇಲೂ ಮಾರುವ ಮುಂಚೆ ಕಾಯಬೇಕಾದಷ್ಟು ದಿನ ಕಾಯಿರಿ.

ಸಿಂಧನೂರು ಫಾರಂ:
ಸೋಯಾ ಹಿಂಡಿ ಚೆನ್ನಾಗಿದೆಯೋ ಇಲ್ಲವೋ ಹೆಂಗ ನೋಡೋದು? ನಮ್ಮ ಹ್ಯಾಮರ್‌ಮಿಲ್ ಜಾಳಿಗೆ 2 ಮಿಮೀ.

ಫೀಡ್‌ಮಿಲ್ ರಾಯಚೂರು:
ಯೂರಿಯೇಸ್ ಟೆಸ್ಟ್ ಮಾಡಿಸ್ರಿ, pH ಏರಿಕೆ 0.05ರಿಂದ 0.20 ಒಳಗಿರಬೇಕು. ಅದಕ್ಕಿಂತ ಜಾಸ್ತಿ ಬಂದರೆ ಹಿಂಡಿ ಸರಿಯಾಗಿ ಬೆಂದಿಲ್ಲ. ಪ್ರೋಟೀನ್ ಜೀರ್ಣಿಸುವ ಟ್ರಿಪ್ಸಿನ್ ಎಂಜೈಮಿನ ಕೆಲಸ ನಿಲ್ತದೆ, ಪ್ರೋಟೀನ್ ಕೆಳಗಿನ ಕರುಳಿಗೆ ಹೋಗ್ತದೆ, ಮತ್ತೆ ಅದೇ ರೋಗ. ಸೋಯಾ ಏರಿಸುವಾಗ ಇದು ಬಿಡಲೇಬಾರದ ಪರೀಕ್ಷೆ.

2 ಮಿಮೀ ಬಹಳ ನುಣ್ಣಗಾಯ್ತು. ಗಿಜಾರ್ಡಿಗೆ (ಕಾಳು ಅರೆಯೋ ಹೊಟ್ಟೆ) ಅರೆಯೋ ಕೆಲಸ ಸಿಗದಿದ್ದರೆ ಆಹಾರ ಆಮ್ಲದಲ್ಲಿ ನಿಲ್ಲದೆ ಜಾರಿ ಹೋಗ್ತದೆ. 4 ಮಿಮೀ ಜಾಳಿಗೆ ಹಾಕ್ರಿ.

ಗಂಗಾವತಿ ಪಶುವೈದ್ಯ:
ಬೇಸಿಗೆಯಲ್ಲಿ ಮಧ್ಯಾಹ್ನ ಫೀಡ್ ಎತ್ತಿದರೆ ಸಂಜೆ ಒಮ್ಮೆಲೇ ಸುರಿಯಬೇಡಿ, ಹಸಿದ ಕೋಳಿ ಗಬಗಬ ತಿಂದು ಅರ್ಧ ಜೀರ್ಣವಾಗದೆ ಇಳೀತದೆ. ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿ. ಔಷಧಿ ಮುಗಿದ ಮೇಲೆ ಪ್ರೋಬಯಾಟಿಕ್ (ಒಳ್ಳೆ ಬ್ಯಾಕ್ಟೀರಿಯಾ) ನೀರಿನಲ್ಲಿ ಕೊಡೋದಾದರೆ ಆ ಹೊತ್ತಿಗೆ ಕ್ಲೋರಿನ್ ನಿಲ್ಲಿಸಿ, ಇಲ್ಲದಿದ್ದರೆ ಅದೂ ಸಾಯ್ತದೆ.